ಧ್ವನಿಮುದ್ರಣದ ಕೇಬಲ್: ಬೆಲೆಗಿಂತ ಬಳಕೆ ಮುಖ್ಯ

ಮನೆಯ ಒಂದು ಕೋಣೆಯಲ್ಲಿ ಧ್ವನಿಮುದ್ರಣ ಮಾಡಿ ಸಂಪಾದಿಸುವುದು ಇಂದು ತರೀಕೆರೆ, ಕಡೂರು, ಅಜ್ಜಂಪುರದಂತಹ ಊರುಗಳಿಂದಲೂ ಸಾಧ್ಯ. ಜಾಹೀರಾತಿಗೆ ಧ್ವನಿ ನೀಡುವುದು, ಸಂಗೀತ ಪಾಠ, ಆಡಿಯೋ ಪುಸ್ತಕ, ಹೀಗೆ ಅವಕಾಶಗಳು ಹಲವು. ಆದರೆ ಮೈಕ್ರೋಫೋನಿನ ಬಗ್ಗೆ ವಾರಗಟ್ಟಲೆ ವಿಚಾರಿಸುವ ಉದ್ಯಮಿಯು ಕೇಬಲ್ ಕೊಳ್ಳುವಾಗ ಒಂದೋ ಅತಿ ಅಗ್ಗದ್ದಕ್ಕೆ, ಇಲ್ಲವೇ ಅತಿ ದುಬಾರಿಯದ್ದಕ್ಕೆ ಮಾರುಹೋಗುತ್ತಾನೆ. ಎರಡರಲ್ಲೂ ನಷ್ಟವಿದೆ. ಮುದ್ರಣದಲ್ಲಿ ಗುಂಯ್‌ಗುಡುವ ಸದ್ದು ಸೇರಿಕೊಂಡರೆ ಗ್ರಾಹಕನು ಕೆಲಸವನ್ನು ಹಿಂದಿರುಗಿಸುತ್ತಾನೆ; ಅನಗತ್ಯವಾಗಿ ತೆತ್ತ ಹಣವಂತೂ ಹಿಂದಿರುಗುವುದಿಲ್ಲ.

ಮೊದಲು ತಿಳಿಯಬೇಕಾದುದು ಕೇಬಲ್ ಯಾವ ಸಂಕೇತವನ್ನು ಹೊರುತ್ತದೆ ಎಂಬುದು. ಮೈಕ್ರೋಫೋನಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಇಷ್ಟು ದುರ್ಬಲ ಸಂಕೇತಕ್ಕೆ ಮೂರು ಪಿನ್‌ಗಳ ಎಕ್ಸ್‌ಎಲ್‌ಆರ್ ಇರುವ ಬ್ಯಾಲೆನ್ಸ್ಡ್ ಕೇಬಲ್ ಅವಶ್ಯ. ಇದರಲ್ಲಿ ಒಂದೇ ಸಂಕೇತವು ಎರಡು ತಂತಿಗಳಲ್ಲಿ ವಿರುದ್ಧ ಧ್ರುವೀಯತೆಯಲ್ಲಿ ಸಾಗುತ್ತದೆ. ಹೊರಗಿನ ಗದ್ದಲ ಎರಡರಲ್ಲೂ ಸಮನಾಗಿ ಸೇರುವುದರಿಂದ, ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ವಜಾ ಆಗುತ್ತದೆ. ಕಂಡೆನ್ಸರ್ ಮೈಕ್ರೋಫೋನಿಗೆ ಬೇಕಾದ 48 ವೋಲ್ಟ್ ವಿದ್ಯುತ್ತೂ ಇದೇ ಕೇಬಲಿನಲ್ಲಿ ಸಾಗುತ್ತದೆ.

ಇಂಟರ್‌ಫೇಸ್‌ನಿಂದ ಆಂಪ್ಲಿಫೈಯರ್ ಒಳಗೊಂಡ ಸ್ಪೀಕರಿಗೆ ಎರಡು ಉಂಗುರ ಗೆರೆಗಳಿರುವ ಟಿಆರ್‌ಎಸ್ ಕೇಬಲ್ ಸೂಕ್ತ. ಗಿಟಾರಿಗೆ ಒಂದು ಗೆರೆಯ ಟಿಎಸ್ ಕೇಬಲ್ ಸಾಕು. ಆದರೆ ಉದ್ದ 5-6 ಮೀಟರ್ ದಾಟದಿರಲಿ. ಕೇಬಲಿನ ಧಾರಕತೆ ಉದ್ದಕ್ಕೆ ತಕ್ಕಂತೆ ಏರಿ, ನಾದದ ಮೇಲ್ಸ್ತರ ಮಂಕಾಗುತ್ತದೆ. ಪ್ರತ್ಯೇಕ ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಮಾತ್ರ ದಪ್ಪ ತಂತಿ ಬೇಕು. 1.5 ಚದರ ಮಿಲಿಮೀಟರ್ ತಾಮ್ರದ ತಂತಿ 10 ಮೀಟರ್ ದೂರಕ್ಕೆ, ಹೋಗಿ ಬರುವ ಹಾದಿ ಸೇರಿ, ಸುಮಾರು 0.23 ಓಮ್ ತಡೆ ಒಡ್ಡುತ್ತದೆ. 8 ಓಮ್ ಸ್ಪೀಕರಿಗೆ ಇದು ನಗಣ್ಯ. ಗಿಟಾರಿನ ಕೇಬಲನ್ನು ಇಲ್ಲಿ ಬಳಸಕೂಡದು. ಯುಎಸ್‌ಬಿ 2.0 ಕೇಬಲಿಗೆ 5 ಮೀಟರ್ ಮಿತಿ; ಡಿಜಿಟಲ್ ಅಂಕಿಗಳು ಸರಿಯಾಗಿ ತಲುಪಿದ ಮೇಲೆ ದುಬಾರಿ ಕೇಬಲಿನಿಂದ ನಾದ ಸುಧಾರಿಸುವುದಿಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ಲೆಕ್ಕವುಂಟು: ತೇವ. ಕೆಮ್ಮಣ್ಣುಗುಂಡಿಯ ಅದಿರು ಒಂದು ಕಾಲದಲ್ಲಿ, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣ ಕಾರ್ಖಾನೆಗೆ ಹೋಗುತ್ತಿತ್ತು. ಆ ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನ ಬಣ್ಣ. ಲೋಹಕ್ಕೆ ಗಾಳಿ ಮತ್ತು ನೀರು ಸೇರಿದರೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮಳೆಗಾಲದ ಮಂಜಿನಲ್ಲಿ ಕೇಬಲಿನ ತುದಿಗಳೂ ಕಳೆಗುಂದಿ ಕರಕರ ಸದ್ದು ಮಾಡುತ್ತವೆ. ಚಿನ್ನದ ಲೇಪನ ನಾದವನ್ನು ಸುಧಾರಿಸದು, ಆದರೆ ಕಿಲುಬು ಹಿಡಿಯದು. ಆದುದರಿಂದ ಮಲೆನಾಡಿನಲ್ಲಿ ಅದಕ್ಕೆ ತೆತ್ತ ಅಲ್ಪ ಹೆಚ್ಚುವರಿ ಬೆಲೆ ಸಾರ್ಥಕ. ಬಳಕೆಯ ನಂತರ ಕೇಬಲನ್ನು ಸಡಿಲವಾಗಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿದ ಡಬ್ಬಿಯಲ್ಲಿಡುವುದು ಒಳಿತು.

ಗುಂಯ್‌ಗುಡುವಿಕೆ ಕಂಡಾಗ ಕೇಬಲನ್ನೇ ದೂಷಿಸಬೇಕಾಗಿಲ್ಲ. ಉಪಕರಣಗಳು ಬೇರೆ ಬೇರೆ ಸಾಕೆಟ್‌ಗಳಲ್ಲಿದ್ದರೆ 50 ಹರ್ಟ್ಜ್ ಗದ್ದಲ ನುಸುಳುತ್ತದೆ. ಎಲ್ಲವನ್ನೂ ಒಂದೇ ಬೋರ್ಡಿಗೆ ಸೇರಿಸಿ ನೋಡಬೇಕು. ಸದ್ದು ತಪ್ಪಿಸಲು ಅರ್ಥಿಂಗ್ ಪಿನ್ ಕಿತ್ತುಹಾಕುವುದು ಪ್ರಾಣಕ್ಕೇ ಎರವಾದೀತು, ಖಂಡಿತ ಸಲ್ಲದು.

ಕೊನೆಯದಾಗಿ ಲೆಕ್ಕದ ಮಾತು. ಕೇಬಲಿನ ಮೇಲೆ ಶೇ. 18ರ ಸರಕು ಮತ್ತು ಸೇವಾ ತೆರಿಗೆ ಇದೆ. ಸಾಮಾನ್ಯ ಯೋಜನೆಯಡಿ ನೋಂದಾಯಿಸಿದವರು ವ್ಯವಹಾರಕ್ಕೆ ಕೊಂಡಾಗ ಬಿಲ್ಲಿನಲ್ಲಿ ತಮ್ಮ ನೋಂದಣಿ ಸಂಖ್ಯೆ ನಮೂದಿಸಿಕೊಂಡರೆ, ನಿಯಮಾನುಸಾರ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಕಾಂಪೊಸಿಷನ್ ಯೋಜನೆಯವರಿಗೆ ಈ ಸೌಲಭ್ಯವಿಲ್ಲ. ತೆರಿಗೆಯ ಮೊತ್ತವನ್ನು ಸ್ವತ್ತಿನ ಬೆಲೆಗೆ ಸೇರಿಸಿ ಸವಕಳಿ ಪಡೆದರೆ ಅದೇ ಮೊತ್ತಕ್ಕೆ ಜಮೆ ದೊರೆಯದು. ಬೇಕಾದ ಉದ್ದವನ್ನು ಅಳೆದು, ತುದಿಗಳ ಬೆಸುಗೆ ಪರೀಕ್ಷಿಸಿ, ಮೈಕ್ರೋಫೋನಿಗೆ ಒಂದು ಹೆಚ್ಚುವರಿ ಕೇಬಲ್ ಇಟ್ಟುಕೊಳ್ಳುವುದು ಸಣ್ಣ ಉದ್ಯಮಿಗೆ ಅತಿ ಅಗ್ಗದ ವಿಮೆ.