ವಯಸ್ಸು, ಲೈಂಗಿಕ ತಿಳಿವಳಿಕೆ ಮತ್ತು ವಿದ್ಯಾರ್ಥಿಯ ಆರೋಗ್ಯ

ಲೈಂಗಿಕ ಆರೋಗ್ಯದ ವಿಷಯವನ್ನು ಕಾಲೇಜಿನಲ್ಲಿ ಯಾವ ವಯಸ್ಸಿನವರಿಗೆ ಬೋಧಿಸಬೇಕೆಂಬ ಚರ್ಚೆ ಇಂದು ನಿನ್ನೆಯದಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿನಿಯರ ಸಂಘವೇ ಮನವಿ ಸಲ್ಲಿಸಿದ ಮೇಲೆ, 1938ರಲ್ಲಿ ವಿವಾಹವನ್ನು ಕುರಿತ ಪಾಠಕ್ರಮವೊಂದು ಆರಂಭವಾಯಿತು. ಅದರ ಹೊಣೆ ಹೊತ್ತವರು ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದ ಆಲ್ಫ್ರೆಡ್ ಕಿನ್ಸಿ; ಅದುವರೆಗೆ ಅವರಿಗೆ ಹೆಸರು ತಂದಿದ್ದುದು ಒಂದು ಜಾತಿಯ ಸಣ್ಣ ಕಣಜಗಳ ಅಧ್ಯಯನ. ಕೊನೆಯ ವರ್ಷದವರಿಗೆ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮತ್ತು ವಿವಾಹಿತರಿಗೆ ಪ್ರವೇಶವಿತ್ತು. ಮೊದಲ ವರ್ಷದ ಅವಿವಾಹಿತರು ಬಾಗಿಲ ಹೊರಗೇ ಉಳಿದರು.

ಹಿರಿಯ ವಿದ್ಯಾರ್ಥಿಗಳಿಗೆ ಹೆಚ್ಚು ತಿಳಿದಿರುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ತಿಳಿವಳಿಕೆ ವಯಸ್ಸು ಕೊಟ್ಟದ್ದೋ, ಬಾಗಿಲು ತೆರೆದವರು ಕೊಟ್ಟದ್ದೋ ಎಂಬುದನ್ನು ವಿಚಾರಿಸುವವರು ವಿರಳ. ಕಿನ್ಸಿಯವರ ಪಾಠಕ್ಕೂ ಏಕಾಂತ ಸಂದರ್ಶನಗಳಿಗೂ ಆಕ್ಷೇಪಗಳು ಬಂದಾಗ, 1940ರಲ್ಲಿ ಎರಡರಲ್ಲೊಂದನ್ನು ಆರಿಸಿಕೊಳ್ಳುವಂತೆ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಹರ್ಮನ್ ವೆಲ್ಸ್ ಸೂಚಿಸಿದರು. ಕಿನ್ಸಿ ಪಾಠವನ್ನು ಬಿಟ್ಟು ಸಂಶೋಧನೆಯನ್ನು ಉಳಿಸಿಕೊಂಡರು. 1948 ಮತ್ತು 1953ರಲ್ಲಿ ಹೊರಬಂದ ಅವರ ಎರಡು ಬೃಹದ್ಗ್ರಂಥಗಳು ಲೋಕಪ್ರಸಿದ್ಧ. ಪಾಠದ ಕಥೆಯನ್ನು ಬಲ್ಲವರು ಕಡಿಮೆ.

ಇನ್ನು ಆರೋಗ್ಯವನ್ನು ತಾನೇ ಅಳೆದುಕೊಳ್ಳುವ ವಿಚಾರ. "ನಿಮ್ಮ ಆರೋಗ್ಯ ಹೇಗಿದೆ?" ಎಂಬ ಒಂದೇ ಪ್ರಶ್ನೆಗೆ ಬೆಲೆ ಬಂದದ್ದು ಬಹುಮಟ್ಟಿಗೆ ವೃದ್ಧರ ಅಧ್ಯಯನಗಳಿಂದ. ಕೆನಡಾದ ಮ್ಯಾನಿಟೋಬಾ ಪ್ರಾಂತದ 3,128 ವೃದ್ಧರನ್ನು ಕುರಿತು ಮಾಸಿ ಮತ್ತು ಶಪಿರೋ 1982ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಮ್ಮ ಆರೋಗ್ಯ ಕೆಟ್ಟದೆಂದವರಿಗೆ ಮರಣದ ಸಂಭವ, ಉತ್ತಮವೆಂದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಕಂಡಿತು. ವೃದ್ಧನಿಗೆ ತನ್ನ ದೇಹದ ಪರಿಚಯವಿರುತ್ತದೆ. ಇಪ್ಪತ್ತರ ತರುಣನ ಉತ್ತರಕ್ಕೂ ಇದೇ ಬೆಲೆ ಕೊಡಬಹುದೇ? ಲೈಂಗಿಕ ರೋಗಗಳ ಮಟ್ಟಿಗಂತೂ ಕೊಡಲಾಗದೆಂಬುದು ನಮ್ಮ ಅಭಿಪ್ರಾಯ. ಸಂಪರ್ಕದಿಂದ ಹರಡುವ ಕ್ಲಮೀಡಿಯಾ ಎಂಬ ಸೋಂಕು ಬಹುಪಾಲು ಜನರಲ್ಲಿ ಯಾವ ಲಕ್ಷಣವನ್ನೂ ತೋರದು. ಚಿಕಿತ್ಸೆಯಿಲ್ಲದೆ ಉಳಿದರೆ ಸ್ತ್ರೀಯರಲ್ಲಿ ಬಂಜೆತನಕ್ಕೂ ಕಾರಣವಾಗಬಲ್ಲದು. ಪತ್ತೆಯಾದರೆ ಸಾಮಾನ್ಯ ಔಷಧಿಯಿಂದಲೇ ಗುಣವಾಗುತ್ತದೆ. "ನನ್ನ ಆರೋಗ್ಯ ಚೆನ್ನಾಗಿದೆ" ಎನ್ನುವ ವಿದ್ಯಾರ್ಥಿ ಸುಳ್ಳಾಡುತ್ತಿಲ್ಲ. ಅವನಿಗೆ ತಿಳಿದಿಲ್ಲ, ಅಷ್ಟೆ.

ಆದ್ದರಿಂದಲೇ, ಲೈಂಗಿಕ ಸಂಪರ್ಕವುಳ್ಳ 25 ವರ್ಷದೊಳಗಿನ ಸ್ತ್ರೀಯರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಅಮೆರಿಕದ ಆರೋಗ್ಯ ಇಲಾಖೆಯ ಸಲಹೆಯಿದೆ. 1938ರ ನಿಯಮ ಯಾರನ್ನು ಹೊರಗಿಟ್ಟಿತ್ತೋ ಆ ವಯಸ್ಸಿನವರನ್ನೇ ಇಂದಿನ ವೈದ್ಯರು ಮೊದಲು ಕರೆಯುತ್ತಾರೆ. ಈ ಪ್ರಸಂಗವನ್ನು ನಾವು ತರಗತಿಯಲ್ಲಿ ಹೇಳಿದಾಗ ಮೊದಲ ವರ್ಷದವರು ತಲೆ ತಗ್ಗಿಸಿ ಕೂರುತ್ತಾರೆ. ಗಂಟೆ ಹೊಡೆದ ಮೇಲೆ ಒಬ್ಬಿಬ್ಬರು, ಇತಿಹಾಸದ ನೆಪದಲ್ಲಿ, ಏನನ್ನೋ ಕೇಳಲು ಹಿಂದೆ ಉಳಿಯುತ್ತಾರೆ.