ಮನೆಯಲ್ಲಿ ಇಡತಕ್ಕ ಹಳೆಯ ವಸ್ತುಗಳು

ಹಳೆಯದೆಲ್ಲವೂ ಸಂಗ್ರಹಯೋಗ್ಯವಲ್ಲ. ಯಾರು ಬಳಸಿದ್ದು, ಯಾವ ಕಾಲದ್ದು ಎಂದು ತಿಳಿದಿರುವ ವಸ್ತುವನ್ನೇ ಮೊದಲು ಆರಿಸತಕ್ಕದ್ದು. ಅಂಗಡಿಯ ಹೂದಾನಿಗಿಂತ ಅಜ್ಜಿಯ ಹೆಸರು ಕೆತ್ತಿದ ಹಿತ್ತಾಳೆಯ ಚೆಂಬು ಮೇಲು. ಆದರೆ ಅದನ್ನು ಹುಣಸೆಹಣ್ಣಿನಿಂದ ಪದೇಪದೇ ತಿಕ್ಕಿದರೆ ಹೆಸರೇ ಸವೆಯುವದು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಪ್ರಕಟಿಸಿದ ಕಿಟ್ಟೆಲರ ನಿಘಂಟು ಕಪಾಟಿನಲ್ಲಿದ್ದರೆ ಅದರ ಬೆಲೆಯನ್ನು ಎಲ್ಲರೂ ಬಲ್ಲರು. ಪಕ್ಕದ ಸತ್ಯವೇದದ ಮೊದಲ ಹಾಳೆಗಳಲ್ಲಿ ಹಿರಿಯರು ಬರೆದಿಟ್ಟ ಜನನ, ವಿವಾಹ, ಮರಣಗಳ ತಾರೀಖುಗಳಾದರೋ ಬೇರೆಲ್ಲಿಯೂ ದೊರೆಯವು. ನಮ್ಮ ಮನೆಯ ಸತ್ಯವೇದಕ್ಕೆ ಹೊಸ ರಟ್ಟು ಕಟ್ಟಿಸಿದಾಗ ಆ ಹಾಳೆಗಳನ್ನು ಕೊಳೆಯಾಗಿವೆಯೆಂದು ತೆಗೆದುಹಾಕಿದರು. ಅಜ್ಜಿಯ ಜನ್ಮದಿನವು ಈಗ ನಮ್ಮಲ್ಲಿ ಯಾರಿಗೂ ತಿಳಿಯದು.

ಪುಸ್ತಕಗಳನ್ನು ಬಿಸಿಲು ತಾಗದ, ಗಾಳಿಯಾಡುವ ಸ್ಥಳದಲ್ಲಿಟ್ಟು ಮಳೆಗಾಲದಲ್ಲಿ ಆಗಾಗ ತೆರೆದು ನೋಡಿರಿ. ಪ್ರತಿಯೊಂದು ವಸ್ತುವಿನ ವೃತ್ತಾಂತವನ್ನು ಹಿರಿಯರಿಂದ ಕೇಳಿ, ಪೆನ್ಸಿಲಿನಿಂದ ಚೀಟಿಯಲ್ಲಿ ಬರೆದು, ಅಂಟು ಹಚ್ಚದೆ ಅದರೊಡನೆ ಇಡಿರಿ.