ಬಸಳೆಯೂ ಬೇಕು, ಪರೀಕ್ಷೆಯೂ ಬೇಕು

ಶನಿವಾರ ಬೈಂದೂರಿನ ಬಸ್ಸು ಹತ್ತಿ ಮನೆ ಸೇರಿದಾಗ ಅಮ್ಮ ಮೊಬೈಲ್ ಹಿಡಿದು ಕಾಯ್ತಾ ಇದ್ದರು. "ಈ ವಿಟಮಿನ್ ಮಾತ್ರೆ ತಿಂದ್ರೆ ಗರ್ಭಕಂಠದ ಕ್ಯಾನ್ಸರ್ ಬರುದಿಲ್ಲ ಅಂಬ್ರ್, ಹೌದಾ?" ವಾಟ್ಸಾಪ್‌ನಲ್ಲಿ ಬಂದ ಮೆಸೇಜು. ಉತ್ತರ ಗೊತ್ತಿರಲಿಲ್ಲ, ಹುಡುಕಿ ಓದಿದೆ.

ಗರ್ಭಕಂಠ ಅಂದರೆ ಗರ್ಭಕೋಶದ ಬಾಯಿ. ಇಲ್ಲಿನ ಕ್ಯಾನ್ಸರ್‌ಗೆ ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಲ್ಲೂ ಕಾರಣ ಎಚ್‌ಪಿವಿ ಎಂಬ ವೈರಸ್. ಇದನ್ನು ತೋರಿಸಿಕೊಟ್ಟ ಹೆರಾಲ್ಡ್ ಜೂರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ತುಂಬಾ ಸಾಮಾನ್ಯ. ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ತಾನೇ ಹೋಗುತ್ತದೆ. ಕೆಲವರಲ್ಲಿ ಉಳಿದುಬಿಡುತ್ತದೆ, 15-20 ವರ್ಷದಲ್ಲಿ ಕ್ಯಾನ್ಸರ್ ಆಗಬಹುದು.

ವಿಟಮಿನ್ ಎಲ್ಲಿ ಬಂತು? ಫೋಲೇಟ್ ಡಿಎನ್‌ಎ ರಿಪೇರಿಗೆ ಬೇಕು. ಸಿ, ಇ ವಿಟಮಿನ್‌ಗಳು, ಕ್ಯಾರೋಟಿನ್‌ಗಳು ಆಂಟಿಆಕ್ಸಿಡೆಂಟ್‌ಗಳು, ಅಂದರೆ ಜೀವಕೋಶಕ್ಕೆ ಪೆಟ್ಟು ಕೊಡುವ ಫ್ರೀ ರ್‍ಯಾಡಿಕಲ್‌ಗಳನ್ನು ತಣ್ಣಗಾಗಿಸುವಂಥವು. ಈ ಕಾಯಿಲೆ ಇರುವವರ ರಕ್ತದಲ್ಲಿ ಇವು ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಕೋರಿಲೇಶನ್ ಅಂದರೆ ಕಾರಣ ಅಲ್ಲ, ಇದು ನಮಗೆ ಕ್ಲಾಸಲ್ಲೇ ಹೇಳಿಕೊಟ್ಟದ್ದು. ಕ್ಯಾನ್ಸರ್‌ಗೆ ಮುಂಚಿನ ಹಂತದ ಮಹಿಳೆಯರಿಗೆ ಬೀಟಾ ಕ್ಯಾರೋಟಿನ್, ಫೋಲಿಕ್ ಆಸಿಡ್ ಮಾತ್ರೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ.

ಜಾಸ್ತಿ ತಿಂದರೆ ನಷ್ಟವೇನು ಅಂತೀರಾ? ಫಿನ್‌ಲ್ಯಾಂಡ್‌ನಲ್ಲಿ 29,133 ಧೂಮಪಾನಿ ಪುರುಷರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು!

ಹಾಗಂತ ತಟ್ಟೆಯ ಸೊಪ್ಪು ಬಿಡಬೇಡಿ. ಕುಂದಾಪುರದ ಸಂತೆಯ ಬಸಳೆ, ಬ್ರಹ್ಮಾವರದ ಹಿತ್ತಲಿನ ನುಗ್ಗೆಸೊಪ್ಪು, ಹರಿವೆ, ನೆಲ್ಲಿಕಾಯಿ ಎಲ್ಲವೂ ದೇಹಕ್ಕೆ ಒಳ್ಳೆಯದೇ. ಆದರೆ ಅವು ಲಸಿಕೆಯ ಕೆಲಸ ಮಾಡವು.

ಲಸಿಕೆಗೆ ಒಳ್ಳೆಯ ವಯಸ್ಸು 9ರಿಂದ 14. ಆಗ ಹಾಕಿಸಿಕೊಳ್ಳದಿದ್ದರೆ 26ರವರೆಗೂ ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳಬಹುದು, ಅಂದರೆ ನಾವೂ ಲೆಕ್ಕದೊಳಗೆ ಇದ್ದೇವೆ. ಹುಡುಗರೂ! ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ 2023ರಲ್ಲಿ ಬಿಡುಗಡೆಯಾಗಿದೆ. ಲಸಿಕೆ ಆದವರಿಗೂ ಮುಂದೆ ಪರೀಕ್ಷೆ ಬೇಕು, ಏಕೆಂದರೆ ಅದು ಎಲ್ಲ ಬಗೆಯ ಎಚ್‌ಪಿವಿಯನ್ನು ತಡೆಯುವುದಿಲ್ಲ.

ಅಮ್ಮಂದಿರಿಗೆ ಬೇಕಾದದ್ದು ಪರೀಕ್ಷೆ. ಸರ್ಕಾರಿ ತಪಾಸಣಾ ಕಾರ್ಯಕ್ರಮದ ಪ್ರಕಾರ 30 ದಾಟಿದವರಿಗೆ 5 ವರ್ಷಕ್ಕೊಮ್ಮೆ. ವಿನೆಗರ್‌ನಲ್ಲಿರುವ ಅದೇ ಅಸಿಟಿಕ್ ಆಸಿಡನ್ನು ತೆಳುವಾಗಿ ಹಚ್ಚುತ್ತಾರೆ, ಬದಲಾದ ಜಾಗ ಬೆಳ್ಳಗೆ ಕಾಣುತ್ತದೆ. ಕೆಲವೇ ನಿಮಿಷದ ಕೆಲಸ. ಪ್ಯಾಪ್, ಎಚ್‌ಪಿವಿ ಡಿಎನ್‌ಎ ಪರೀಕ್ಷೆಗಳೂ ಇವೆ. ಮುಟ್ಟು ನಿಂತ ಮೇಲೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ ಮಾತ್ರ ವರ್ಷ ಲೆಕ್ಕ ಹಾಕುತ್ತಾ ಕೂರಬಾರದು, ಕೂಡಲೇ ಹೋಗಬೇಕು.

ಇಷ್ಟು ಹೇಳಿದ್ದಕ್ಕೆ ಅಮ್ಮ, "ನಂಗ್ ಎಂತದೂ ಇಲ್ಲ, ಆಸ್ಪತ್ರಿಗ್ ಎಂತಕ್ ಹೋಪುದ್?" ಅಂದರು. ಎಂತದೂ ಇಲ್ಲದಾಗಲೇ ಹೋಗಬೇಕಾದ ಪರೀಕ್ಷೆ ಇದು. ಶುರುವಿನಲ್ಲಿ ಈ ಕಾಯಿಲೆ ನೋವು ಕೊಡುವುದೇ ಇಲ್ಲ. ಮುಂದಿನ ರಜೆಗೆ ಜೊತೆಗೆ ನಾನೇ ಹೋಗುವುದು ಎಂದು ಮಾತಾಗಿದೆ. ನಿಮ್ಮ ಮನೆಯಲ್ಲೂ ಈ ಮಾತು ತೆಗೆಯಿರಿ.